ಗೇಟಿನಿಂದ ಬಾಗಿಲಿಗೆ ಹತ್ತು ಹೆಜ್ಜೆ

ಕುಡಿತ ಬಿಡಬೇಕೆನ್ನುವವರು ಕೂಡಿ ಕೂರುವ ಕೂಟದ ಗೇಟಿನ ತನಕ ಭಾವ ಬಂದಿದ್ದರು. ಕಾಸರಗೋಡು ಪೇಟೆ, ಸಂಜೆ ಹೊತ್ತು. ಎದುರಿನ ಗೂಡಂಗಡಿಯಲ್ಲಿ ಎರಡು ಚಾ ಕುಡಿದರು. ಊರಿನವರೊಬ್ಬರು ಸ್ಕೂಟರಿನಲ್ಲಿ ಹೋದದ್ದು ಕಂಡಿತು. "ಇವತ್ತು ಬೇಡ ಮಾರಾಯ, ಮುಂದಿನ ವಾರ ನೋಡುವ" ಎಂದು ಬದಿಯಡ್ಕದ ಬಸ್ಸು ಹತ್ತಿದರು. ಆ ಮುಂದಿನ ವಾರ ಬರಲಿಕ್ಕೆ ಏಳು ತಿಂಗಳು ಹಿಡಿಯಿತು. ಆಮೇಲೆ ಇನ್ನೂ ನಾಲ್ಕೈದು ಮಂದಿಯ ಜತೆ ಹೋಗಿದ್ದೇನೆ. ಎಲ್ಲರೂ ಎಡವಿದ್ದು ಅದೇ ಜಾಗದಲ್ಲಿ.

ಅದಕ್ಕಿಂತ ಮೊದಲು ಡಾಕ್ಟರು. ಬೆಳಗ್ಗೆ ಏಳುವಾಗಲೇ ಕೈ ನಡುಗುವವರು ಕುಡಿತವನ್ನು ಒಮ್ಮೆಲೇ ನಿಲ್ಲಿಸಬಾರದು. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಮೂರನೇ ದಿನಕ್ಕೆ ಇಲ್ಲದ್ದೆಲ್ಲ ಕಾಣಿಸಿ ಜೀವಕ್ಕೇ ಸಂಚಕಾರ ಬರಬಹುದು. ಕೇರಳ ಅಬಕಾರಿ ಇಲಾಖೆಯ 'ವಿಮುಕ್ತಿ' ಚಿಕಿತ್ಸಾ ಕೇಂದ್ರ ನಮ್ಮ ಜಿಲ್ಲೆಯಲ್ಲಿ ನೀಲೇಶ್ವರ ತಾಲೂಕು ಆಸ್ಪತ್ರೆಯಲ್ಲಿದೆ. ಉಚಿತ ಸಹಾಯವಾಣಿ 14405. ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ "ಅವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ" ಎನ್ನುವ ಪುಡಿಯ ಚೀಟಿ ಕಂಡರೆ ದುಡ್ಡು ಹಾಕಬೇಡಿ. ಅದರಲ್ಲಿ ಏನಿದೆಯೆಂದು ಗೊತ್ತಿರುವುದಿಲ್ಲ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ಮಾತ್ರೆಯ ಪುಡಿ ಇದ್ದರೆ, ತಿಂದವರು ಮೇಲಿಂದ ಕುಡಿದಾಗ ರಕ್ತದೊತ್ತಡ ಕುಸಿಯಬಹುದು. ಡಾಕ್ಟರು ಆ ಮಾತ್ರೆ ಕೊಡುವುದುಂಟು, ಆದರೆ ರೋಗಿಗೆ ಹೇಳಿಯೇ ಕೊಡುತ್ತಾರೆ.

ನಮ್ಮ ಕಡೆ ಮುಖ್ಯವಾಗಿ ಎರಡು ಬಗೆಯ ಕೂಟಗಳು. ಒಂದು ಆಲ್ಕೊಹಾಲಿಕ್ಸ್ ಅನಾನಿಮಸ್, ಬಾಯಿಮಾತಿನಲ್ಲಿ ಎ.ಎ. 1935ರಲ್ಲಿ ಅಮೆರಿಕದ ಆಕ್ರನ್ ಎಂಬಲ್ಲಿ ಇಬ್ಬರು ಕುಡುಕರು ಕೂತು ಮಾತಾಡಿದ್ದರಿಂದ ಹುಟ್ಟಿದ್ದು, ಭಾರತಕ್ಕೆ ಬಂದದ್ದು 1957ರಲ್ಲಿ. ಇನ್ನೊಂದು ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಎಂಟು ದಿನದ ಮದ್ಯವರ್ಜನ ಶಿಬಿರ, ಅದು ಮುಗಿದ ಮೇಲೆ ನವಜೀವನ ಸಮಿತಿಯ ಸಭೆಗಳು. ಅಲ್ಲಿ ಕನ್ನಡ, ತುಳು ಸಲೀಸು, ಊರವರೂ ಜತೆಗಿರುತ್ತಾರೆ. ಊರವರ ಕಣ್ಣಿಗೇ ಹೆದರುವವರಿಗೆ ಎ.ಎ. ವಾಸಿ ಎಂಬುದು ನನ್ನ ಪಕ್ಕಾ ಅಭಿಪ್ರಾಯ.

ಎ.ಎ. ಮೀಟಿಂಗಿನ ವಿಳಾಸ ಅವರ ಭಾರತದ ಜಾಲತಾಣದಲ್ಲಿ ಸಿಗುತ್ತದೆ. ಅದನ್ನೇ ನಂಬಿ ಹೊರಟುಬಿಡಬೇಡಿ, ಕೋಣೆ ಬದಲಾಗುತ್ತಿರುತ್ತದೆ. ಹೋಗುವ ದಿನವೇ ಫೋನು ಮಾಡಿ. ಹೆಸರು ಹೇಳಬೇಕಾಗಿಲ್ಲ. ಕಟ್ಟಡದ ಯಾವ ಬಾಗಿಲು, ಎಷ್ಟು ಗಂಟೆಗೆ ಮುಗಿಯುತ್ತದೆ, ಓಪನ್ ಮೀಟಿಂಗೋ ಕ್ಲೋಸ್ಡೋ ಎಂದು ಕೇಳಿ. ಓಪನ್ ಆದರೆ ಮನೆಯವರೂ ಕೂರಬಹುದು. ಕ್ಲೋಸ್ಡ್ ಎಂದರೆ ಕುಡಿತದ ತೊಂದರೆ ಇದ್ದವರಿಗೆ ಮಾತ್ರ. ಕೊನೆಯ ಬಸ್ಸಿನ ಹೊತ್ತನ್ನೂ ನೋಡಿಕೊಳ್ಳಿ. ಒಳಪ್ರದೇಶದ ಬಸ್ಸು ತಪ್ಪಿದರೆ ಉಳಿಯುವುದು ಸ್ಟ್ಯಾಂಡು, ಸ್ಟ್ಯಾಂಡಿನ ಪಕ್ಕ ಬಾರು.

ಈಗ ಆ ಹತ್ತು ಹೆಜ್ಜೆ. ಗುರುತಿನವರ ಭಯವಿದ್ದರೆ ಎರಡು ಪೇಟೆ ದಾಟಿ ಹೋಗಿ. ಎರಡನೇ ಸಲ ನಾವು ಮಂಗಳೂರಿಗೇ ಹೋದೆವು. ಹೊಟ್ಟೆಗೆ ಏನಾದರೂ ಹಾಕಿಕೊಂಡೇ ಹೊರಡಿ, ಹಸಿವೂ ಕುಡಿಯುವ ಆಸೆಯೂ ಒಟ್ಟಿಗೇ ಏಳುವಂಥವು. ಹೊತ್ತಿಗೆ ಸರಿಯಾಗಿ ಹೋಗಬೇಡಿ, ಕಾಲು ಗಂಟೆ ಮೊದಲು ಹೋಗಿ. ತಡವಾದರೆ ತುಂಬಿದ ಕೋಣೆಯ ಎಲ್ಲ ತಲೆಗಳೂ ನಿಮ್ಮತ್ತ ತಿರುಗುತ್ತವೆ. ಬೇಗ ಹೋದರೆ ಅಲ್ಲಿರುವುದು ಕುರ್ಚಿ ಜೋಡಿಸುವ ಒಬ್ಬಿಬ್ಬರು. ಗೂಡಂಗಡಿ, ಬೀಡಿ, ಮೊಬೈಲು ಯಾವುದಕ್ಕೂ ಗೇಟಿನ ಹೊರಗೆ ನಿಲ್ಲಬೇಡಿ. ನೇರ ಒಳಗೆ ಹೋಗಿ "ಮೊದಲ ಸಲ ಬಂದೆ" ಎಂದುಬಿಡಿ. ಭಾವ ಅಷ್ಟೇ ಹೇಳಿದ್ದು. ಕುರ್ಚಿ ಹಿಡಿದಿದ್ದವರು ಅದನ್ನು ಇವರ ಕೈಗೆ ಕೊಟ್ಟು "ಆ ಸಾಲಿಗೆ ಇಡಿ" ಅಂದರು. ನಾಲ್ಕು ಕುರ್ಚಿ ಇಡುವಷ್ಟರಲ್ಲಿ ಭಾವನ ಕೈಗೆ ಕೆಲಸ ಸಿಕ್ಕಿತ್ತು, ನಡುಕ ಯಾರಿಗೂ ಕಾಣಲಿಲ್ಲ.

ಇಗರ್ಜಿಯ ಕೋಣೆಯಲ್ಲಿ ನಡೆದರೆ ಹೆದರುವವರೂ ಇದ್ದಾರೆ. ಜಾಗ ಅವರದು, ಅಷ್ಟೇ, ಎ.ಎ. ಯಾವ ಮತಕ್ಕೂ ಸೇರಿದ್ದಲ್ಲ. ದೇವರ ಮಾತು ಬರುತ್ತದೆ, ಆದರೆ 'ನಾವು ಅರಿತುಕೊಂಡ ದೇವರು' ಎಂದು. ದೇವರನ್ನು ನಂಬದವರೂ ಕೂರುತ್ತಾರೆ.

ಸರದಿ ಬಂದಾಗ ಹೆಸರು ಹೇಳಿ "ನಾನು ಆಲ್ಕೊಹಾಲಿಕ್" ಎನ್ನುವುದು ಅಲ್ಲಿನ ವಾಡಿಕೆ. ಮೊದಲ ದಿನ "ಕೇಳಲಿಕ್ಕೆ ಬಂದೆ" ಎಂದರೂ ನಡೆಯುತ್ತದೆ. ಕಾಸರಗೋಡಿನಲ್ಲಿ ಮಲಯಾಳದಲ್ಲೇ ಮಾತು ನಡೆಯುತ್ತಿದ್ದರೂ ನೀವು ಕನ್ನಡದಲ್ಲೋ ತುಳುವಿನಲ್ಲೋ ಹೇಳಿ. ಕಲಿತ ಭಾಷೆಯಲ್ಲಿ ಹೇಳಿದರೆ ವರದಿ ಒಪ್ಪಿಸಿದ ಹಾಗಾಗುತ್ತದೆ. ಫೀಸಿಲ್ಲ. ಕಾಣಿಕೆ ಡಬ್ಬಿ ಸುತ್ತು ಬಂದಾಗ ಹೊಸಬರು ಹಾಕಬೇಕೆಂದೇನಿಲ್ಲ. ಎದ್ದು ಬರುವ ಮೊದಲು ಇಬ್ಬರ ನಂಬರು ತೆಗೆದುಕೊಳ್ಳಿ. ಒಬ್ಬರದು ಸಾಲದು, ರಾತ್ರಿ ಹತ್ತಕ್ಕೆ ಆಸೆ ಎದ್ದಾಗ ಅವರ ಫೋನು ಸ್ವಿಚ್ಡ್ ಆಫ್ ಇರುತ್ತದೆ.

ಮನೆಯವರಿಗೆ ಅಲ್-ಅನಾನ್ ಎಂಬ ಬೇರೆಯೇ ಕೂಟವಿದೆ, ಅಕ್ಕ ಅಲ್ಲಿಗೆ ಹೋಗುತ್ತಾಳೆ. ಜತೆಗೆ ಹೋದವರು ಬರುವಾಗ "ಒಳಗೆ ಏನು ಹೇಳಿದಿರಿ?" ಎಂದು ಕೇಳಲೇಬಾರದು. ಮಂಗಳೂರಿಂದ ಬರುವಾಗ ಆ ದಿನ ತಲಪಾಡಿ ದಾಟುವ ತನಕ ಭಾವ ಕಿಟಕಿಯ ಹೊರಗೆ ನೋಡುತ್ತಿದ್ದರು. ಆಮೇಲೆ ಮಾತಾಡಿದರು, ಅಡಕೆ ರೇಟಿನ ವಿಷಯ. ನಾನೂ ಕುಂಬಳೆ ಬರುವವರೆಗೆ ಅಡಕೆಯದ್ದೇ ಮಾತಾಡಿದೆ.