ಹೊರೆ ಹಾಕಿ ನೋಡಿದಾಗ ತಿಳಿದದ್ದು: ನಾನು ಎಸ್‌ಎಂಪಿಎಸ್‌ಗಳನ್ನು ಪರೀಕ್ಷಿಸಿದ ಬಗೆ

ನಾನು ದುರಸ್ತಿಗೆ ಹೋಗುವ ಡಿಟಿಪಿ ಅಂಗಡಿಯೊಂದರ ಕಂಪ್ಯೂಟರ್, ಕರೆಂಟು ಹೋಗಿ ಯುಪಿಎಸ್ ಕೆಲಸ ಶುರುಮಾಡುವ ಕ್ಷಣದಲ್ಲಿ ಕೆಲವೊಮ್ಮೆ ರೀಸ್ಟಾರ್ಟ್ ಆಗುತ್ತಿತ್ತು, ಕೆಲವೊಮ್ಮೆ ಆಗುತ್ತಿರಲಿಲ್ಲ. ಯುಪಿಎಸ್ ಬ್ಯಾಟರಿ ಬದಲಿಸಿದರೂ ತೊಂದರೆ ಹೋಗಲಿಲ್ಲ. ಕ್ಯಾಬಿನೆಟ್ ಜೊತೆಗೇ ಬಂದಿದ್ದ, ಮೇಲೆ 450 ವ್ಯಾಟ್ ಎಂದು ಅಚ್ಚಾಗಿದ್ದ ಎಸ್‌ಎಂಪಿಎಸ್ (ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಬಿಚ್ಚಿ ತಂದು, 24 ಪಿನ್ ಕನೆಕ್ಟರಿನ ಹಸಿರು ತಂತಿಯನ್ನು ಕಪ್ಪು ತಂತಿಗೆ ಸೇರಿಸಿ ಚಾಲೂ ಮಾಡಿ ಮಲ್ಟಿಮೀಟರ್ ಹಿಡಿದರೆ 12.1 ವೋಲ್ಟ್ ತೋರಿಸಿತು. ಅದುವರೆಗೆ ನಾನು ಇಷ್ಟನ್ನೇ ನೋಡಿ ಎಷ್ಟೋ ಎಸ್‌ಎಂಪಿಎಸ್‌ಗಳನ್ನು ‘ಸರಿಯಾಗಿದೆ’ ಎಂದು ಹಿಂತಿರುಗಿಸಿದ್ದೆ.

ಹೊರೆ ಹಾಕಿಯೇ, ಅಂದರೆ ಪ್ರವಾಹ ಎಳೆಯುವ ಏನನ್ನಾದರೂ ಜೋಡಿಸಿಯೇ ನೋಡಬೇಕೆಂದು ನಿಶ್ಚಯಿಸಿ, ವಾಹನಗಳ ಹೆಡ್‌ಲೈಟಿಗೆ ಬಳಸುವ 12 ವೋಲ್ಟಿನ ಎಚ್4 ಹ್ಯಾಲೊಜೆನ್ ಬಲ್ಬುಗಳನ್ನು ತಂದೆ. ಒಂದೊಂದೂ ಸುಮಾರು 5 ಆಂಪಿಯರ್ ಎಳೆಯುತ್ತದೆ. ತಣ್ಣಗಿರುವ ತಂತು ಮೊದಲ ಕ್ಷಣದಲ್ಲಿ ಅದರ ಹಲವು ಪಟ್ಟು ಪ್ರವಾಹ ಎಳೆಯುವುದರಿಂದ, ಎಲ್ಲ ಬಲ್ಬುಗಳನ್ನೂ ಒಟ್ಟಿಗೆ ಹಚ್ಚಿದರೆ ಒಳ್ಳೆಯ ಎಸ್‌ಎಂಪಿಎಸ್ ಕೂಡ ತನ್ನನ್ನು ರಕ್ಷಿಸಿಕೊಳ್ಳಲು ಆಫ್ ಆಗಿಬಿಡುತ್ತದೆ. ಆದ್ದರಿಂದ ಪ್ರತಿ ಬಲ್ಬಿಗೂ ಬೇರೆ ಸ್ವಿಚ್ ಕೊಟ್ಟು ಒಂದರ ನಂತರ ಒಂದನ್ನು ಹಚ್ಚಿದೆ. ಮೂರನೆಯ ಬಲ್ಬು ಹೊತ್ತಿದಾಗ ಆ ಎಸ್‌ಎಂಪಿಎಸ್‌ನ ವೋಲ್ಟೇಜ್ 11.3ಕ್ಕೆ ಇಳಿಯಿತು. ಎಟಿಎಕ್ಸ್ ಎಂಬ ಎಸ್‌ಎಂಪಿಎಸ್ ಮಾನದಂಡದ 2.x ಆವೃತ್ತಿ ಶೇ 5ರಷ್ಟು ವ್ಯತ್ಯಾಸವನ್ನು, ಅಂದರೆ 11.40 ವೋಲ್ಟಿನವರೆಗಿನ ಇಳಿತವನ್ನು ಮಾತ್ರ ಒಪ್ಪುತ್ತದೆ. ಗೋಡೆಯ ಕಡೆಯ ವ್ಯಾಟ್ ಮೀಟರ್ 222 ತೋರಿಸುತ್ತಿದ್ದಾಗ ಬಲ್ಬುಗಳಿಗೆ ತಲುಪುತ್ತಿದ್ದದ್ದು 165 ವ್ಯಾಟ್. ಹೋಲಿಕೆಗೆಂದು ಇಟ್ಟುಕೊಂಡಿದ್ದ 550 ವ್ಯಾಟಿನ, 80 ಪ್ಲಸ್ ಬ್ರಾಂಜ್ ಎಂಬ ದಕ್ಷತೆಯ ಪ್ರಮಾಣಪತ್ರವಿದ್ದ ಎಸ್‌ಎಂಪಿಎಸ್ ಅದೇ ಮೂರು ಬಲ್ಬುಗಳಿಗೆ 11.98 ವೋಲ್ಟ್ ಕೊಟ್ಟು, 207 ವ್ಯಾಟ್ ತೆಗೆದುಕೊಂಡು 180 ವ್ಯಾಟ್ ಹೊರಗೆ ಹಾಕಿತು.

ಇಷ್ಟಾದರೂ ರೀಸ್ಟಾರ್ಟಿಗೆ ಕಾರಣ ಸಿಕ್ಕಿರಲಿಲ್ಲ. ಕರೆಂಟು ಹೋದ ಮೇಲೆ ಎಸ್‌ಎಂಪಿಎಸ್ ಎಷ್ಟು ಹೊತ್ತು ತಾಳಿಕೊಳ್ಳುತ್ತದೆ ಎಂಬುದನ್ನು ಅಳೆಯಲು ಆಸಿಲೋಸ್ಕೋಪಿನ (ವೋಲ್ಟೇಜ್ ಕ್ಷಣಕ್ಷಣಕ್ಕೂ ಬದಲಾಗುವುದನ್ನು ತೆರೆಯ ಮೇಲೆ ತೋರಿಸುವ ಉಪಕರಣ) ಒಂದು ಚಾನೆಲನ್ನು, ವಿದ್ಯುತ್ ಸರಿಯಿದೆ ಎಂದು ಮದರ್‌ಬೋರ್ಡಿಗೆ ತಿಳಿಸುವ ಬೂದು ತಂತಿಗೆ ಜೋಡಿಸಿದೆ. ಇನ್ನೊಂದನ್ನು, ಕರೆಂಟು ಹೋದ ಕ್ಷಣ ತಿಳಿಯಲೆಂದು, ಎಸ್‌ಎಂಪಿಎಸ್‌ಗೆ ಕರೆಂಟು ಕೊಡುವ ಸ್ವಿಚ್ಚಿನಿಂದಲೇ ನಡೆಯುವ 9 ವೋಲ್ಟಿನ ಚಿಕ್ಕ ಟ್ರಾನ್ಸ್‌ಫಾರ್ಮರಿಗೆ ಕೊಟ್ಟೆ. 230 ವೋಲ್ಟಿನ ಕಡೆಗೆ ಪ್ರೋಬ್ ತಾಗಿಸುವುದು ಪ್ರಾಣಾಪಾಯ, ಆ ಕೆಲಸವನ್ನು ಯಾರೂ ಮಾಡಬಾರದು. ಮೂರು ಬಲ್ಬು ಉರಿಯುತ್ತಿರುವಾಗಲೇ ಆ ಸ್ವಿಚ್ ಆರಿಸಿ, ಹತ್ತು ಹತ್ತು ಸಲ ಅಳೆದೆ. ಬ್ರಾಂಜ್ ಎಸ್‌ಎಂಪಿಎಸ್‌ನ ಬೂದು ತಂತಿಯ ಸಂಕೇತ ಒಮ್ಮೆಯೂ 20 ಮಿಲಿಸೆಕೆಂಡಿಗಿಂತ ಮೊದಲು ಬೀಳಲಿಲ್ಲ. ಕ್ಯಾಬಿನೆಟ್ಟಿನದು 6ರಿಂದ 9 ಮಿಲಿಸೆಕೆಂಡಿನಲ್ಲಿ ಬಿದ್ದುಹೋಯಿತು. ಇರಬೇಕಾದದ್ದು ಕನಿಷ್ಠ 16. ಅಂಗಡಿಯ ಯುಪಿಎಸ್ ಬ್ಯಾಟರಿಗೆ ಬದಲಾಗಲು ಸುಮಾರು 8 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಎಸಿ ಅಲೆಯ ಯಾವ ಬಿಂದುವಿನಲ್ಲಿ ಕರೆಂಟು ಹೋಗುತ್ತದೆ ಎಂಬುದರ ಮೇಲೆ ಕಂಪ್ಯೂಟರ್ ಒಮ್ಮೆ ಉಳಿಯುತ್ತಿತ್ತು, ಒಮ್ಮೆ ಸೋಲುತ್ತಿತ್ತು.

ಪ್ಲಗ್ ಕಿತ್ತು, ಕೆಪಾಸಿಟರುಗಳು (ವಿದ್ಯುತ್ ಕೂಡಿಟ್ಟುಕೊಳ್ಳುವ ಭಾಗಗಳು) ಪೂರ್ತಿ ಬರಿದಾಗಿವೆಯೆಂದು ಮೀಟರಿನಲ್ಲಿ ಖಚಿತಪಡಿಸಿಕೊಂಡ ಮೇಲೆ ಒಳಗೆ ನೋಡಿದೆ. ಈ ತಾಳಿಕೆಯೆಲ್ಲ ನಿಂತಿರುವುದು ಪ್ರೈಮರಿ ಕಡೆಯ, ಅಂದರೆ ಗೋಡೆಯ ಕರೆಂಟು ಬರುವ ಕಡೆಯ, ಎರಡು ದಪ್ಪ ಕೆಪಾಸಿಟರುಗಳಲ್ಲಿ ಕೂಡಿಟ್ಟ ಶಕ್ತಿಯ ಮೇಲೆ. ಮೇಲೆ 330 ಮೈಕ್ರೋಫ್ಯಾರಡ್ ಎಂದಿತ್ತು. ಕಳಚಿ ಅಳೆದರೆ ಎರಡೂ 150ರ ಆಸುಪಾಸಿನಲ್ಲಿದ್ದವು. ಬಳಸಿ ಬಳಸಿ ಒಣಗಿದವೋ, ಮೊದಲಿನಿಂದಲೇ ಅಷ್ಟೇ ಇದ್ದವೋ ಹೇಳಲಾರೆ.

ಬ್ರಾಂಜ್ ಎಸ್‌ಎಂಪಿಎಸ್ ಹಾಕಿಕೊಟ್ಟ ಮೇಲೆ ಆ ಅಂಗಡಿಯ ಕಂಪ್ಯೂಟರ್ ಅದೇ ಯುಪಿಎಸ್‌ನಲ್ಲಿ ಒಮ್ಮೆಯೂ ರೀಸ್ಟಾರ್ಟ್ ಆಗಿಲ್ಲ. ಹಳೆಯದರ ಲೇಬಲನ್ನು ಆಮೇಲೆ ಗಮನವಿಟ್ಟು ಓದಿದೆ: ದೊಡ್ಡ ಅಕ್ಷರಗಳ 450 ವ್ಯಾಟಿನ ಕೆಳಗೆ, 12 ವೋಲ್ಟಿಗೆ 16 ಆಂಪಿಯರ್, ಅಂದರೆ 192 ವ್ಯಾಟ್ ಮಾತ್ರ ಎಂದು ಸಣ್ಣದಾಗಿ ಅಚ್ಚಾಗಿತ್ತು.