‘ಆಗಿ’ ಬಂದಲ್ಲೆಲ್ಲ ಅಡ್ವರ್ಬ್ ಬರುವುದಿಲ್ಲ

ಕನ್ನಡ ಮಾತೃಭಾಷೆಯ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ವ್ಯಾಕರಣ ಕಲಿಸುವಾಗ ಅಡ್ಜೆಕ್ಟಿವ್ ಮತ್ತು ಅಡ್ವರ್ಬ್‌ಗಳ ಪಾಠವನ್ನು ವ್ಯಾಖ್ಯೆಯಿಂದ ಆರಂಭಿಸುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ನಾಮಪದದ ಗುಣ ಹೇಳುವುದು ಅಡ್ಜೆಕ್ಟಿವ್, ಕ್ರಿಯೆಯ ರೀತಿ ಹೇಳುವುದು ಅಡ್ವರ್ಬ್ ಎಂಬ ಸಾಲನ್ನು ಬಹುತೇಕ ಎಲ್ಲರೂ ತಡವರಿಸದೆ ಒಪ್ಪಿಸುತ್ತಾರೆ. ತಡವರಿಕೆ ಶುರುವಾಗುವುದು ವಾಕ್ಯ ಬರೆಯಲು ಕುಳಿತಾಗ. ಆದ್ದರಿಂದ ಮೊದಲು ಕನ್ನಡದ ‘ಆದ’ ಮತ್ತು ‘ಆಗಿ’ಗಳನ್ನೇ ಹಲಗೆಯ ಮೇಲೆ ಬರೆಯುತ್ತೇನೆ. ‘ಸ್ಪಷ್ಟವಾದ ಉತ್ತರ’ ಎಂದರೆ ‘ಕ್ಲಿಯರ್ ಆನ್ಸರ್’. ‘ಸ್ಪಷ್ಟವಾಗಿ ಉತ್ತರಿಸಿದಳು’ ಎಂದರೆ ‘ಶಿ ಆನ್ಸರ್ಡ್ ಕ್ಲಿಯರ್ಲಿ’. ‘ಆದ’ ಇದ್ದಲ್ಲಿ ಅಡ್ಜೆಕ್ಟಿವ್, ‘ಆಗಿ’ ಇದ್ದಲ್ಲಿ ಅಡ್ವರ್ಬ್ ಎಂಬ ಈ ಹೊಂದಾಣಿಕೆ ಎಷ್ಟು ಸಲೀಸಾಗಿದೆಯೆಂದರೆ, ವಿದ್ಯಾರ್ಥಿಗಳು ಮೊದಲ ತರಗತಿಯಲ್ಲಿಯೇ ಹತ್ತಾರು ಜೋಡಿಗಳನ್ನು ತಾವಾಗಿಯೇ ಹೇಳತೊಡಗುತ್ತಾರೆ.

ಆದರೆ ಇದರ ಮೊದಲ ಅರ್ಧವನ್ನು ಮಾತ್ರ ನಿಶ್ಚಿಂತೆಯಿಂದ ನಂಬಬಹುದು. ‘ಹೂವು ಸುಂದರವಾಗಿದೆ’ ಎಂಬ ವಾಕ್ಯದಲ್ಲಿಯೂ ‘ಆಗಿ’ ಇದೆ. ಇಂಗ್ಲಿಷಿನಲ್ಲಿ ಅಲ್ಲಿ ಬರುವುದು ಮಾತ್ರ ‘ಬ್ಯೂಟಿಫುಲ್’ ಎಂಬ ಅಡ್ಜೆಕ್ಟಿವ್. ‘ಇದೆ’ ಇರುವಲ್ಲಿ ಯಾರೂ ಅಷ್ಟಾಗಿ ಎಡವುವುದಿಲ್ಲ, ಏಕೆಂದರೆ ‘ಈಸ್ ಬ್ಯೂಟಿಫುಲ್’ ಎಂಬುದು ಕಿವಿಗೆ ಚಿರಪರಿಚಿತ. ತೊಡಕೆಲ್ಲ ಇರುವುದು ‘ಅವಳು ಸುಂದರವಾಗಿ ಕಾಣುತ್ತಾಳೆ’, ‘ಸಂಗೀತ ಇಂಪಾಗಿ ಕೇಳಿಸುತ್ತದೆ’ ಎಂಬಂಥ ವಾಕ್ಯಗಳಲ್ಲಿ. ಇಲ್ಲಿ ‘ಆಗಿ’ಯ ಪಕ್ಕದಲ್ಲಿ ಪೂರ್ಣ ಕ್ರಿಯಾಪದವೇ ನಿಂತಿರುವುದರಿಂದ ‘ಶಿ ಲುಕ್ಸ್ ಬ್ಯೂಟಿಫುಲಿ’ ಎಂದು ಬರೆಯುವುದು ಕನ್ನಡದಲ್ಲಿ ಯೋಚಿಸುವವರಿಗೆ ತೀರ ಸಹಜ. ಕನ್ನಡದ ‘ಆಗಿ’ ಕ್ರಿಯೆ ನಡೆದ ರೀತಿಯನ್ನೂ ಹೇಳುತ್ತದೆ, ಕರ್ತೃವಿನ ಸ್ಥಿತಿಯನ್ನೂ ಹೇಳುತ್ತದೆ. ಇಂಗ್ಲಿಷ್ ಈ ಎರಡು ಕೆಲಸಗಳನ್ನು ಎರಡು ಬಗೆಯ ಪದಗಳಿಗೆ ಹಂಚಿಕೊಟ್ಟಿದೆ. ಲುಕ್, ಸೌಂಡ್, ಸ್ಮೆಲ್, ಟೇಸ್ಟ್, ಫೀಲ್, ಸೀಮ್, ಬಿಕಮ್ ಮುಂತಾದ ಲಿಂಕಿಂಗ್ ಕ್ರಿಯಾಪದಗಳು ಕರ್ತೃವನ್ನು ಅದರ ಗುಣದೊಂದಿಗೆ ಜೋಡಿಸುತ್ತವೆಯಾದ್ದರಿಂದ ಅವುಗಳ ನಂತರ ಅಡ್ಜೆಕ್ಟಿವ್ ಬರುತ್ತದೆ.

ಈ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದರಲ್ಲಿ ನನಗೆ ನಂಬಿಕೆಯಿಲ್ಲ, ಏಕೆಂದರೆ ಇದೇ ಕ್ರಿಯಾಪದಗಳು ಬೇರೆ ಅರ್ಥದಲ್ಲಿ ಬಂದಾಗ ಅಡ್ವರ್ಬನ್ನೇ ಬೇಡುತ್ತವೆ. ಅದಕ್ಕೆ ಬದಲಾಗಿ ಕ್ರಿಯಾಪದವನ್ನು ತೆಗೆದು ಆ ಜಾಗದಲ್ಲಿ ‘ಈಸ್’ ಅಥವಾ ‘ವಾಸ್’ ಇಟ್ಟು ಓದಿಸುತ್ತೇನೆ. ‘ಹಿ ಲುಕ್ಡ್ ಆಂಗ್ರಿ’ ಎಂಬುದು ‘ಹಿ ವಾಸ್ ಆಂಗ್ರಿ’ ಎಂದಾದಾಗ ಅರ್ಥ ಸ್ವಲ್ಪ ಸರಿದರೂ ವಾಕ್ಯ ಮುರಿಯುವುದಿಲ್ಲ. ಹಾಗಾಗಿ ಅಲ್ಲಿರಬೇಕಾದದ್ದು ಅಡ್ಜೆಕ್ಟಿವ್. ‘ಹಿ ಲುಕ್ಡ್ ಆಂಗ್ರಿಲಿ ಅಟ್ ದ ಕ್ಲಾಕ್’ ಎಂಬಲ್ಲಿ ‘ವಾಸ್’ ಇಟ್ಟರೆ ವಾಕ್ಯವೇ ಕುಸಿಯುತ್ತದೆ. ಅವನು ಗಡಿಯಾರದ ಕಡೆಗೆ ನೋಡುವ ಕೆಲಸ ಮಾಡಿದ್ದಾನೆ, ಆ ನೋಟದ ರೀತಿಯನ್ನು ಹೇಳಲು ಅಡ್ವರ್ಬ್ ಬೇಕು. ಸೂಪಿನ ರುಚಿ ಚೆನ್ನಾಗಿದ್ದರೆ ‘ದ ಸೂಪ್ ಟೇಸ್ಟೆಡ್ ಗುಡ್’. ಅಡುಗೆಯವರು ಅದನ್ನು ಎಚ್ಚರಿಕೆಯಿಂದ ರುಚಿ ನೋಡಿದರೆ ‘ದ ಕುಕ್ ಟೇಸ್ಟೆಡ್ ದ ಸೂಪ್ ಕೇರ್‌ಫುಲಿ’.

ಕರ್ತೃವಿನಂತೆಯೇ ಕರ್ಮದ ಸ್ಥಿತಿಯನ್ನೂ ‘ಆಗಿ’ ಹೇಳಬಲ್ಲದು ಎಂಬುದನ್ನು ಎಷ್ಟೋ ಪಠ್ಯಗಳು ಮುಟ್ಟುವುದೇ ಇಲ್ಲ. ನನ್ನ ಮಟ್ಟಿಗೆ ಪಾಠದ ಅತ್ಯಂತ ರುಚಿಕರ ಭಾಗ ಇದೇ. ‘ಕೋಣೆಯನ್ನು ಸ್ವಚ್ಛವಾಗಿ ಇಡು’ ಎಂಬುದಕ್ಕೆ ‘ಕೀಪ್ ದ ರೂಮ್ ಕ್ಲೀನ್’ ಎನ್ನಬೇಕು, ‘ಕ್ಲೀನ್ಲಿ’ ಎನ್ನಬಾರದು, ಏಕೆಂದರೆ ಸ್ವಚ್ಛವಾಗಿರಬೇಕಾದದ್ದು ಕೋಣೆಯೇ ಹೊರತು ಇಡುವ ಕ್ರಿಯೆಯಲ್ಲ. ಇದನ್ನು ಮನದಟ್ಟು ಮಾಡಲು ಎರಡು ವಾಕ್ಯಗಳನ್ನು ಒಂದರ ಕೆಳಗೊಂದು ಬರೆಯುತ್ತೇನೆ: ‘ಶಿ ಫೌಂಡ್ ದ ಬುಕ್ ಈಸಿ’ ಮತ್ತು ‘ಶಿ ಫೌಂಡ್ ದ ಬುಕ್ ಈಸಿಲಿ’. ಮೊದಲನೆಯದರಲ್ಲಿ ಪುಸ್ತಕ ಅವಳಿಗೆ ಸುಲಭವೆನಿಸಿತು. ಎರಡನೆಯದರಲ್ಲಿ ಪುಸ್ತಕ ಹುಡುಕಿದೊಡನೆ ಸಿಕ್ಕಿತು, ಅದು ಓದಲು ಎಷ್ಟು ಕಠಿಣವೆಂಬುದು ಬೇರೆ ಮಾತು. ಉತ್ತರವನ್ನು ನಾನು ಹೇಳದೆ ಈ ವ್ಯತ್ಯಾಸವನ್ನು ಅವರಿಂದಲೇ ಕನ್ನಡದಲ್ಲಿ ಹೇಳಿಸಿದಾಗ ಪಾಠ ಹೆಚ್ಚು ಗಟ್ಟಿಯಾಗಿ ಕೂರುತ್ತದೆ.

ಪದದ ಕೊನೆಯ ‘ಲಿ’ ಅಕ್ಷರವನ್ನು ನೋಡಿ ಅಡ್ವರ್ಬ್ ಎಂದು ತೀರ್ಮಾನಿಸುವ ಅಭ್ಯಾಸದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಡ್ಜೆಕ್ಟಿವ್‌ಗೆ ‘ಲಿ’ ಸೇರಿದರೆ ಸಾಮಾನ್ಯವಾಗಿ ಅಡ್ವರ್ಬ್ ಆಗುತ್ತದೆ. ಫ್ರೆಂಡ್, ಕಾಸ್ಟ್, ಮದರ್‌ನಂಥ ನಾಮಪದಗಳಿಗೆ ಸೇರಿದರೆ ಬಹುಪಾಲು ಅಡ್ಜೆಕ್ಟಿವ್ ಆಗುತ್ತದೆ. ‘ಲೋನ್ಲಿ’, ‘ಸಿಲ್ಲಿ’ಗಳಂಥವು ಈ ಲೆಕ್ಕಕ್ಕೆ ಸಿಗದಿದ್ದರೂ ಅಡ್ಜೆಕ್ಟಿವ್‌ಗಳೇ. ‘ಸ್ನೇಹದಿಂದ ಮಾತನಾಡಿದ’ ಎನ್ನಲು ‘ಹಿ ಸ್ಪೋಕ್ ಫ್ರೆಂಡ್ಲಿ’ ಎನ್ನಲಾಗದು, ‘ಇನ್ ಎ ಫ್ರೆಂಡ್ಲಿ ವೇ’ ಎಂದು ಬಳಸಿ ಹೇಳಬೇಕಾಗುತ್ತದೆ. ಫಾಸ್ಟ್, ಹಾರ್ಡ್, ಲೇಟ್ ಪದಗಳು ರೂಪ ಬದಲಿಸದೆ ಎರಡೂ ಕೆಲಸ ಮಾಡುತ್ತವೆ. ‘ಫಾಸ್ಟ್ಲಿ’ ಎಂಬ ಪದ ಇಂದಿನ ಇಂಗ್ಲಿಷಿನಲ್ಲಿ ಬಳಕೆಯಲ್ಲಿಲ್ಲ. ‘ಹಾರ್ಡ್ಲಿ’ ಇದೆ, ಆದರೆ ಅದರ ದಾರಿಯೇ ಬೇರೆ: ‘ಹಿ ವರ್ಕ್ಸ್ ಹಾರ್ಡ್’ ಎಂದರೆ ಅವನು ಮೈಮುರಿದು ದುಡಿಯುತ್ತಾನೆ, ‘ಹಿ ಹಾರ್ಡ್ಲಿ ವರ್ಕ್ಸ್’ ಎಂದರೆ ದುಡಿಯುವುದೇ ಅಪರೂಪ. ಶಿಫಾರಸು ಪತ್ರದಲ್ಲಿ ಈ ಎರಡು ಅದಲುಬದಲಾದರೆ ಏನಾಗಬಹುದೆಂದು ಕೇಳಿದಾಗ ತರಗತಿ ತಾನಾಗಿಯೇ ಎಚ್ಚರಗೊಳ್ಳುತ್ತದೆ.

ಅಡ್ವರ್ಬನ್ನು ನಾವು ಕ್ರಿಯಾವಿಶೇಷಣ ಎಂದು ಕರೆಯುವುದರಿಂದ ಅದು ಕ್ರಿಯಾಪದದ ಬಳಿ ಮಾತ್ರ ಇರುತ್ತದೆಂಬ ಭಾವನೆ ಬೆಳೆದಿದೆ. ಅಡ್ವರ್ಬ್ ಇನ್ನೊಂದು ಅಡ್ಜೆಕ್ಟಿವನ್ನೂ ಇನ್ನೊಂದು ಅಡ್ವರ್ಬನ್ನೂ, ‘ಫಾರ್ಚುನೇಟ್ಲಿ’ಯಂತೆ ಇಡೀ ವಾಕ್ಯವನ್ನೂ ವಿಶೇಷಿಸುತ್ತದೆ. ‘ಎ ಸಿಂಪಲ್ ರಿಟನ್ ಆನ್ಸರ್’ ಎಂದರೆ ಸರಳವಾದ ಲಿಖಿತ ಉತ್ತರ. ‘ಎ ಸಿಂಪ್ಲಿ ರಿಟನ್ ಆನ್ಸರ್’ ಎಂದರೆ ಸರಳವಾಗಿ ಬರೆದ ಉತ್ತರ. ಇಲ್ಲಿ ನಮ್ಮ ‘ಆದ’ ಮತ್ತು ‘ಆಗಿ’ ಮತ್ತೆ ನಿಖರವಾಗಿ ಕೆಲಸ ಮಾಡುತ್ತವೆ. ಅದಕ್ಕಾಗಿಯೇ, ಅರ್ಧ ಮಾತ್ರ ನಂಬಬಹುದಾದ ಉಪಾಯವೆಂದು ಗೊತ್ತಿದ್ದೂ ನಾನು ಅದನ್ನು ಬಿಟ್ಟಿಲ್ಲ.

ಉತ್ತರಪತ್ರಿಕೆ ತಿದ್ದುವಾಗ ಕೆಲವು ಕಡೆ ಕೆಂಪು ಶಾಯಿ ಬಳಸದೆ ಬಿಡುತ್ತೇನೆ. ‘ಐ ಆಮ್ ವೆಲ್’ ಎಂಬುದರಲ್ಲಿ ‘ವೆಲ್’ ಆರೋಗ್ಯವನ್ನು ಹೇಳುವ ಅಡ್ಜೆಕ್ಟಿವ್ ಆಗಿದ್ದು, ಸಂಪೂರ್ಣ ಸರಿ. ‘ದೇ ಕೇಮ್ ಹೋಮ್ ಸೇಫ್’ ಎಂದವರಿಗೂ ‘ಸೇಫ್ಲಿ’ ಎಂದವರಿಗೂ ಪೂರ್ಣ ಅಂಕ ಕೊಡುತ್ತೇನೆ. ಮೊದಲನೆಯವರು ಬಂದವರ ಸ್ಥಿತಿಯನ್ನು ಹೇಳಿದ್ದಾರೆ, ಎರಡನೆಯವರು ಬಂದ ಬಗೆಯನ್ನು. ‘ಡ್ರೈವ್ ಸ್ಲೋ’ ಎಂಬುದನ್ನೂ ನಿಘಂಟುಗಳು ಒಪ್ಪುತ್ತವೆ. ಆದರೂ ಪರೀಕ್ಷೆಗೆ ಕೂರುವವರಿಗೆ ‘ಸ್ಲೋಲಿ’ ಎಂದೇ ಬರೆಯಲು ಹೇಳುತ್ತೇನೆ, ಏಕೆಂದರೆ ಆ ಪತ್ರಿಕೆಯನ್ನು ತಿದ್ದುವವರು ನಿಘಂಟು ತೆರೆದು ಕುಳಿತಿರುವುದಿಲ್ಲ.