ಶಾಕ್ ಕಾಲರ್ ಇಲ್ಲದೆ ನಾಯಿಗೆ ‘ಬಾ’ ಎಂಬುದನ್ನು ಕಲಿಸುವ ಬಗೆ

ಹಗ್ಗ ಬಿಚ್ಚಿದ ನಾಯಿ ಕುರಿಯನ್ನೋ ವಾಹನವನ್ನೋ ಅಟ್ಟಿಕೊಂಡು ಓಡುವಾಗ ಅದನ್ನು ದೂರದಿಂದ ತಡೆಯಲು ಬೇರೆ ದಾರಿಯೇ ಇಲ್ಲ ಎಂಬುದು ಶಾಕ್ ಕಾಲರ್ (ದೂರದಿಂದ ಗುಂಡಿ ಒತ್ತಿ ನಾಯಿಗೆ ವಿದ್ಯುತ್ ಆಘಾತ ಕೊಡುವ ಕೊರಳಪಟ್ಟಿ) ಬಳಸುವವರ ಮುಖ್ಯ ವಾದ. ಅಪಾಯ ನಿಜವಾದದ್ದೇ ಆದ್ದರಿಂದ ಈ ವಾದವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಕೊರಳಪಟ್ಟಿಯ ಒಳಬದಿಯಲ್ಲಿ ಚರ್ಮಕ್ಕೆ ತಾಗಿರುವ ಎರಡು ಲೋಹದ ತುದಿಗಳ ನಡುವೆ ವಿದ್ಯುತ್ ಹರಿದಾಗ, ಆ ನೋವನ್ನು ನಾಯಿ ಯಾವುದಕ್ಕೆ ತಳಕು ಹಾಕಿಕೊಳ್ಳುತ್ತದೆ ಎಂಬುದು ರಿಮೋಟಿನ ಗುಂಡಿ ಒತ್ತುವವರ ಹಿಡಿತದಲ್ಲಿಲ್ಲ. ಆ ಕ್ಷಣದಲ್ಲಿ ಅದರ ಕಣ್ಣು ಎದುರಿಗೆ ಬರುತ್ತಿದ್ದ ಮಗುವಿನ ಮೇಲಿದ್ದರೆ ಅದು ಮಗುವಿಗೆ ಹೆದರಲು ಕಲಿಯಬಹುದು. ಬ್ರಿಟನ್ನಿನ ವೇಲ್ಸ್ 2010ರಲ್ಲೇ ಈ ಕಾಲರನ್ನು ನಿಷೇಧಿಸಿತು. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಸಂಶೋಧಕರು 63 ನಾಯಿಗಳನ್ನು ಹೋಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಿನಿಸು ಮತ್ತು ಮೆಚ್ಚುಗೆಯಿಂದ ಕಲಿತ ನಾಯಿಗಳೇ ಮೊದಲ ಕರೆಗೆ ಹೆಚ್ಚು ಚುರುಕಾಗಿ ಓಗೊಟ್ಟವು.

ಬಳಸಿ ಬಳಸಿ ‘ಬಾ’ ಸವೆದುಹೋಗಿದ್ದರೆ ಹೊಸದೊಂದು ಪದವನ್ನು ಆರಿಸಿಕೊಳ್ಳಿ. ಮನೆಯೊಳಗೆ, ನಾಯಿ ಸುಮ್ಮನಿರುವಾಗ, ಅದನ್ನು ಒಂದೇ ಬಾರಿ ಹೇಳಿ, ಅದು ತಿರುಗಿದೊಡನೆ ನಿಮ್ಮ ಪಾದದ ಬಳಿ ಅದಕ್ಕೆ ಅತ್ಯಂತ ಪ್ರಿಯವಾದ ತಿನಿಸನ್ನು ಕೊಡಿ. ಹೊರಗೆ ಹತ್ತು ಮೀಟರ್ ಉದ್ದದ ಹಗ್ಗ ಬೇಕು. ಅದನ್ನು ಕೊರಳಿಗಲ್ಲ, ಎದೆಗೆ ತೊಡಿಸುವ ಹಾರ್ನೆಸ್ಸಿಗೆ ಕಟ್ಟಬೇಕು. ಬೆರಳಿಗೆ ಸುತ್ತಿಕೊಂಡರೆ ನಾಯಿ ನೆಗೆದಾಗ ಚರ್ಮ ಕಿತ್ತುಬರುತ್ತದೆ. ಹಗ್ಗವಿರುವುದು ಓಡಿಹೋಗದಂತೆ ತಡೆಯುವುದಕ್ಕೆ ಮಾತ್ರ, ಎಳೆದು ತರುವುದಕ್ಕಲ್ಲ. ಕರೆದು, ನಾಲ್ಕು ಹೆಜ್ಜೆ ಹಿಂದೆ ಸರಿದು ಕುಕ್ಕರಗಾಲಿನಲ್ಲಿ ಕುಳಿತರೆ ಬಹುತೇಕ ನಾಯಿಗಳು ತಾವಾಗಿಯೇ ಬರುತ್ತವೆ.

ಎಷ್ಟು ದೂರದಲ್ಲಿ ಅಭ್ಯಾಸ ಮಾಡಬೇಕೆಂಬುದನ್ನು ನಾಯಿಯ ಬಾಯಿಯೇ ತಿಳಿಸುತ್ತದೆ: ಕುರಿಯನ್ನು ಕಂಡು, ಕೊಟ್ಟ ತಿನಿಸನ್ನು ಮೂಸದೆ ಬಿಟ್ಟರೆ ನೀವು ತೀರ ಹತ್ತಿರದಲ್ಲಿದ್ದೀರಿ; ಅದು ಮತ್ತೆ ತಿನ್ನುವಷ್ಟು ದೂರಕ್ಕೆ ಹಿಂದೆ ಸರಿಯಿರಿ. ಬರುವುದಿಲ್ಲವೆಂದು ತಿಳಿದಿದ್ದಾಗ ಕರೆಯಲೇಬೇಡಿ. ಕಿವಿ ಹಿಂದಕ್ಕೆ ಮಡಚಿ, ಬಾಲ ತಗ್ಗಿಸಿ, ನೇರವಾಗಿ ಬರದೆ ಸುತ್ತುಹಾಕಿಕೊಂಡು ಬರುವ ನಾಯಿ, ಹಿಂದೊಮ್ಮೆ ಬಂದದ್ದಕ್ಕೇ ಬೈಸಿಕೊಂಡಿರಬಹುದು. ತಡವಾಗಿ ಬಂದರೂ ತಿನಿಸು ಕೊಡಿ. ಐದು ಬಾರಿ ಕರೆದರೆ ನಾಲ್ಕು ಬಾರಿ ಮತ್ತೆ ಆಟಕ್ಕೆ ಬಿಡಿ. ಸ್ನಾನಕ್ಕೋ ಕಟ್ಟಿಹಾಕುವುದಕ್ಕೋ ಈ ಪದವನ್ನು ಬಳಸದೆ ನೀವೇ ಹೋಗಿ ಹಿಡಿದು ತನ್ನಿ.

ತಿಂಗಳುಗಟ್ಟಲೆ ಹೀಗೆ ನಡೆದು, ಬೇರೆ ಬೇರೆ ಜಾಗಗಳಲ್ಲೂ ನಾಯಿ ಮೊದಲ ಕರೆಗೇ ಬರತೊಡಗಿದ ಮೇಲೆ, ಹಗ್ಗವನ್ನು ಒಮ್ಮೆಗೇ ಬಿಚ್ಚದೆ, ಬೇಲಿ ಹಾಕಿದ ಬಯಲಿನಲ್ಲಿ ಅದನ್ನು ನೆಲದಲ್ಲಿ ಎಳೆದಾಡಲು ಬಿಟ್ಟು, ವಾರಕ್ಕೆ ಒಂದಿಷ್ಟರಂತೆ ತುಂಡರಿಸುತ್ತಾ ಬನ್ನಿ.